ಇಟ್ಟದ್ದು ಸಿಗಬೇಕಾದರೆ

2016ರಲ್ಲಿ ಪೊಳ್ಳಾಚಿ ಸೀಮೆಯ ತೆಂಗಿನ ಗರಿಗಳ ಮೇಲೆ ನಮ್ಮ ದೇಶಕ್ಕೆ ಹೊಸದಾದ ಒಂದು ಬಿಳಿನೊಣ ಕಂಡುಬಂತು. ಗರಿಯ ತಳಭಾಗದಲ್ಲಿ ಸುರುಳಿ ಸುರುಳಿಯಾಗಿ ಮೊಟ್ಟೆಯಿಟ್ಟು, ಅದರ ಮೇಲೆ ಮೇಣದ ಬಿಳಿಪುಡಿ ಹೊದಿಸುವುದು ಅದರ ಸ್ವಭಾವ. ರಸ ಹೀರುತ್ತಾ ಅದು ಹೊರಹಾಕುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು, ಕೆಳಗಿನ ಗರಿಗಳು ಮಸಿ ಬಳಿದಂತಾಗುತ್ತವೆ. ಕರ್ನಾಟಕದ ತೋಟಗಳಿಗೂ ಅದು ಹಬ್ಬಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಬೆಳೆಗಾರರಿಗೆ ಇಂದು ಅದರ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ.

ಆದರೆ ಒಂದು ಪ್ರಶ್ನೆ ಕೇಳಿ ನೋಡೋಣ. ಈ ಮೂರು ತಾಲ್ಲೂಕುಗಳಲ್ಲಿ ಅದು ಮೊದಲು ಯಾವ ಊರಿನಲ್ಲಿ ಕಾಣಿಸಿತು? ಅಲ್ಲಿಂದ ಯಾವ ದಿಕ್ಕಿಗೆ ಹರಡಿತು? ಯಾವ ತೋಟಗಳು ಬೇಗ ಚೇತರಿಸಿಕೊಂಡವು? ಉತ್ತರ ಹೇಳಬಲ್ಲ ಸಾಕ್ಷಿ ನಮ್ಮಲ್ಲಿ ಇರಲೇಬೇಕು. ಗರಿ ಕಪ್ಪಾದ ದಿನವೇ ಬೆಳೆಗಾರರು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾರೆ, ಪರಿಚಯದ ಅಧಿಕಾರಿಗೆ ಕಳಿಸುತ್ತಾರೆ, ಗುಂಪುಗಳಲ್ಲಿ ಹಂಚುತ್ತಾರೆ. ಸಹಕಾರ ಸಂಘ, ರೈತ ಉತ್ಪಾದಕ ಕಂಪನಿ, ಕಾಲೇಜು, ಸ್ವಯಂಸೇವಾ ಸಂಸ್ಥೆ, ಹೀಗೆ ತೆಂಗಿನ ಸುತ್ತ ಕೆಲಸ ಮಾಡುವ ಪ್ರತಿಯೊಂದು ಸಂಸ್ಥೆಯ ಕಂಪ್ಯೂಟರಿನಲ್ಲೂ ಇಂಥ ಚಿತ್ರಗಳ ರಾಶಿ ಬೆಳೆಯುತ್ತದೆ. ರಾಶಿ ಇದ್ದೂ ಉತ್ತರ ಸಿಗದೆ ಹೋಗುವುದು ಏಕೆ ಎಂಬುದೇ ಈ ಅಧ್ಯಾಯದ ವಿಷಯ.

ವಾಟ್ಸಾಪಿನ ಮೂಲಕ ಫೋಟೋವನ್ನು ಎಂದಿನಂತೆ ಕಳಿಸಿದಾಗ ಎರಡು ಸಂಗತಿ ನಡೆಯುತ್ತವೆ. ಚಿತ್ರವನ್ನು ಕುಗ್ಗಿಸಲಾಗುತ್ತದೆ. ಜೊತೆಗೆ, ತೆಗೆದ ದಿನ, ವೇಳೆ, ಜಾಗದ ಅಕ್ಷಾಂಶ ರೇಖಾಂಶ ಎಂದು ಕ್ಯಾಮೆರಾ ಫೈಲಿನೊಳಗೇ ಬರೆದಿಟ್ಟ ವಿವರಗಳು ಕಳಚಿಹೋಗುತ್ತವೆ. ತಲುಪಿದ್ದು ಬಿಳಿನೊಣದ ಚಿತ್ರವೇ, ನಿಜ. ಆದರೆ ಅದು ಎಲ್ಲಿಯದು, ಎಂದಿನದು ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಅಂಥ 5,000 ಚಿತ್ರಗಳನ್ನು ಎಷ್ಟೇ ಭದ್ರವಾಗಿ ಕೂಡಿಟ್ಟರೂ ಅವು ಸಾಕ್ಷಿಯಾಗುವುದಿಲ್ಲ. ಕೂಡಿಡುವುದು ಒಂದು ಕೆಲಸ, ನಿರ್ವಹಿಸುವುದು ಇನ್ನೊಂದು. ಮೊದಲನೆಯದನ್ನು ಕ್ಲೌಡ್ ಸಂಗ್ರಹ ಮಾಡುತ್ತದೆ. ಎರಡನೆಯದಕ್ಕಾಗಿ ಹುಟ್ಟಿದ್ದು ಡಿಜಿಟಲ್ ಅಸೆಟ್ ಮ್ಯಾನೇಜ್‌ಮೆಂಟ್ ಎಂಬ ತಂತ್ರಾಂಶಗಳ ವರ್ಗ. ಇಲ್ಲಿ ಅದನ್ನು ನಿರ್ವಹಣಾ ವ್ಯವಸ್ಥೆ ಎಂದು ಕರೆಯೋಣ.

ಕ್ಲೌಡ್ ಚೆನ್ನಾಗಿ ಮಾಡುವ ಕೆಲಸ

ಅಮೆಜಾನ್ ಕಂಪನಿ ತನ್ನ ಎಸ್3 ಎಂಬ ಸಂಗ್ರಹ ಸೇವೆಯನ್ನು 2006ರ ಮಾರ್ಚಿನಲ್ಲಿ ತೆರೆಯಿತು. ಗೂಗಲ್ ಡ್ರೈವ್ ಬಂದದ್ದು 2012ರಲ್ಲಿ. ಇವುಗಳ ಒಳಗಿನ ಗಣಿತ ನಿಜಕ್ಕೂ ಸುಂದರವಾದದ್ದು. 7 ಮತ್ತು 5 ಎಂಬ ಎರಡು ಅಂಕಿಗಳನ್ನು ಕಾಪಾಡಬೇಕು ಎಂದುಕೊಳ್ಳಿ. ಒಂದನ್ನು ಒಂದು ಡಿಸ್ಕಿನಲ್ಲಿ, ಇನ್ನೊಂದನ್ನು ಬೇರೆ ಡಿಸ್ಕಿನಲ್ಲಿ, ಅವುಗಳ ಮೊತ್ತ 12ನ್ನು ಮೂರನೆಯದರಲ್ಲಿ ಇಟ್ಟರೆ, ಮೂರರಲ್ಲಿ ಯಾವ ಒಂದು ಕೆಟ್ಟರೂ ಉಳಿದೆರಡರಿಂದ ಅದನ್ನು ಲೆಕ್ಕಹಾಕಿ ಮರಳಿ ಪಡೆಯಬಹುದು. 1960ರಲ್ಲಿ ರೀಡ್ ಮತ್ತು ಸಾಲೊಮನ್ ಎಂಬ ಇಬ್ಬರು ಗಣಿತಜ್ಞರು ಈ ಬಗೆಯ ಯೋಚನೆಗೆ ಬಲವಾದ ಸೂತ್ರ ಕೊಟ್ಟರು. ಫೇಸ್‌ಬುಕ್ ಬಳಸಿದ ಒಂದು ವಿಧಾನದಲ್ಲಿ 10 ತುಂಡು ಮಾಹಿತಿಗೆ 4 ತುಂಡು ಹೆಚ್ಚುವರಿ ಸೇರಿಸಿ 14 ಕಡೆ ಹರಡುತ್ತಾರೆ. ಅದರಲ್ಲಿ ಯಾವ 4 ನಾಶವಾದರೂ ಫೈಲ್ ಇಡಿಯಾಗಿ ಮರಳುತ್ತದೆ. ಅಮೆಜಾನ್ ತನ್ನ ಸೇವೆಯ ಭದ್ರತೆಯನ್ನು ಹೀಗೆ ವಿವರಿಸುತ್ತದೆ: 1 ಕೋಟಿ ಫೈಲುಗಳನ್ನು ಇಟ್ಟರೆ, ಸರಾಸರಿಯಲ್ಲಿ 10,000 ವರ್ಷಕ್ಕೊಮ್ಮೆ ಒಂದು ಫೈಲ್ ಕಳೆದುಹೋದೀತು.

ಇಷ್ಟು ಗಟ್ಟಿಯಾದ ಉಗ್ರಾಣಕ್ಕೆ ಒಂದು ಮಿತಿ ಇದೆ. ಅದಕ್ಕೆ ತನ್ನೊಳಗೆ ಏನಿದೆ ಎಂಬುದರ ಅರ್ಥ ಬೇಕಿಲ್ಲ. ನಮ್ಮ ಮನೆಗಳ ಕೊಬ್ಬರಿ ಅಟ್ಟವನ್ನು ನೆನೆಯಿರಿ. ಬಲಿತ ಕಾಯಿಗಳನ್ನು ಅಟ್ಟಕ್ಕೆ ಸುರಿದು 8ರಿಂದ 12 ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಸದ್ದು ಮಾಡುವ ಉಂಡೆ ಕೊಬ್ಬರಿಯಾಗುತ್ತದೆ. ಯಾವ ಕಾಯಿ ಎಲ್ಲಿ ಬಿದ್ದಿದೆ ಎಂದು ಯಾರೂ ಬರೆದಿಡುವುದಿಲ್ಲ, ಬರೆಯಬೇಕಾದ್ದೂ ಇಲ್ಲ, ಎಲ್ಲ ಕಾಯಿಗಳ ದಾರಿಯೂ ಒಂದೇ. ಆದರೆ ಅದೇ ಕೊಬ್ಬರಿ ತಿಪಟೂರಿನ ಎಪಿಎಂಸಿ ಆವರಣಕ್ಕೆ ಬಂದಾಗ ನಿಯಮ ಬದಲಾಗುತ್ತದೆ. ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಎಂಬ ಸಂಸ್ಥೆ 2014ರಲ್ಲಿ ಹುಟ್ಟಿ ಕರ್ನಾಟಕದ ಮಾರುಕಟ್ಟೆಗಳನ್ನು ಒಂದೇ ಆನ್‌ಲೈನ್ ವೇದಿಕೆಗೆ ತಂದಾಗ, ಅದರ ಬುನಾದಿಯಾದದ್ದು ಪ್ರತಿ ಆವಕಕ್ಕೂ ಕೊಡುವ ಲಾಟ್ ನಂಬರು. ಆ ನಂಬರಿನ ಹಿಂದೆ ಯಾರ ಮಾಲು, ಎಷ್ಟು ಚೀಲ, ಯಾವ ದಲ್ಲಾಳಿ ಮಂಡಿ ಎಂಬ ವಿವರ ಇರುತ್ತದೆ. ವರ್ತಕ ಟೆಂಡರ್ ಹಾಕುವುದು, ತೂಕವಾಗುವುದು, ಹಣ ಸಂದಾಯವಾಗುವುದು ಎಲ್ಲವೂ ಆ ನಂಬರಿಗೆ ಅಂಟಿಕೊಂಡೇ ಸಾಗುತ್ತವೆ. ಸಂಸ್ಥೆಯ ಫೋಟೋ, ವಿಡಿಯೋ, ಲೇಬಲ್, ಪ್ರಮಾಣಪತ್ರಗಳು ಒಂದರಂತೆ ಒಂದಿಲ್ಲದ ವಸ್ತುಗಳು. ಅವನ್ನು ಅಟ್ಟಕ್ಕೆ ಸುರಿದರೆ ಸಾಲದು, ಒಂದೊಂದಕ್ಕೂ ಲಾಟ್ ನಂಬರು ಬೇಕು.

1904ರ ಒಂದು ಪಟ್ಟಿ

ಈ ಅರಿವು ಕಂಪ್ಯೂಟರಿಗಿಂತ ಹಳೆಯದು. ಅದರ ಒಂದು ಅತ್ಯುತ್ತಮ ಮಾದರಿ ನಮ್ಮ ಸೀಮೆಯ ಬಗ್ಗೆಯೇ ಇದೆ. ಬೆಂಗಳೂರಿನಲ್ಲಿ ಹುಟ್ಟಿ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯನ್ನು ಕಟ್ಟಿದ ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟವನ್ನು 1904ರಲ್ಲಿ ಹೊರತಂದರು. ಅದು ತುಮಕೂರು ಜಿಲ್ಲೆಯ ಶಾಸನಗಳ ಸಂಪುಟ. ಅರಳಗುಪ್ಪೆಯಂಥ ಹಳೆಯ ದೇವಾಲಯಗಳ ಊರುಗಳಿರುವ ತಿಪಟೂರು ಸೀಮೆಯ ಕಲ್ಲುಗಳಾಗಲಿ, ಚಿಕ್ಕನಾಯಕನಹಳ್ಳಿ ಸೀಮೆಯ ಕಲ್ಲುಗಳಾಗಲಿ, ಅದರಲ್ಲಿ ಕಾಣಿಸಿಕೊಳ್ಳುವುದು ಒಂದೇ ಶಿಸ್ತಿನಲ್ಲಿ. ಮೊದಲು ತಾಲ್ಲೂಕು ಸೂಚಿಸುವ ಸಂಕ್ಷಿಪ್ತ ಅಕ್ಷರ ಮತ್ತು ಕ್ರಮಸಂಖ್ಯೆ. ನಂತರ ಯಾವ ಊರು, ಆ ಊರಿನಲ್ಲಿ ಕಲ್ಲು ಎಲ್ಲಿದೆ, ಎಂದಿನ ಕಾಲದ್ದು. ಆಮೇಲೆ ಪಾಠ, ಲಿಪ್ಯಂತರ, ಅನುವಾದ.

ಕಲ್ಲು ಒಂದು ವಸ್ತು. ಅದರ ಬಗ್ಗೆ ಬರೆದ ಈ ನಾಲ್ಕಾರು ಸಾಲು ಬೇರೆಯೇ ವಸ್ತು. ಕಂಪ್ಯೂಟರ್ ವಿಜ್ಞಾನ ಈ ಎರಡನೆಯದನ್ನು ಮೆಟಾಡೇಟಾ ಎನ್ನುತ್ತದೆ. ರೈಸ್ ಅವರ ಕಾಲದಲ್ಲಿ ನೋಡಿದ ಒಂದು ಕಲ್ಲು ಇಂದು ಗೋಡೆಯೊಳಗೆ ಸೇರಿಹೋಗಿದ್ದರೂ, ಒಡೆದುಹೋಗಿದ್ದರೂ ಅದರ ಸಂಖ್ಯೆ ಮತ್ತು ಪಾಠ ಉಳಿದಿವೆ. ಒಬ್ಬ ಸಂಶೋಧಕ ತನ್ನ ಲೇಖನದಲ್ಲಿ ಸಂಪುಟದ ಹೆಸರು, ತಾಲ್ಲೂಕು, ಸಂಖ್ಯೆ ಬರೆದರೆ ಜಗತ್ತಿನ ಯಾವ ಮೂಲೆಯ ಓದುಗನೂ ಅದೇ ಶಾಸನಕ್ಕೆ ಬಂದು ನಿಲ್ಲುತ್ತಾನೆ. 120 ವರ್ಷ ಕಳೆದರೂ ಕೆಲಸ ಮಾಡುತ್ತಿರುವ ವ್ಯವಸ್ಥೆ ಇದು. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗಿನಿಂದ ದಾಖಲಿಸುತ್ತಿದೆ. ಆ ಕೆಲಸದಲ್ಲೂ ಚಿತ್ರದಷ್ಟೇ ಬೆಲೆ ಅದರ ಜೊತೆಗಿನ ಸ್ಥಳ ಮತ್ತು ಪಾಠದ ವಿವರಕ್ಕಿದೆ.

ಇಂಟರ್‌ನೆಟ್ ಹರಡತೊಡಗಿದಾಗ ಜಗತ್ತಿನ ಗ್ರಂಥಪಾಲಕರೂ ಕಂಪ್ಯೂಟರ್ ತಜ್ಞರೂ 1995ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಡಬ್ಲಿನ್ ಊರಿನಲ್ಲಿ ಸಭೆ ಸೇರಿದರು. ಯಾವುದೇ ಡಿಜಿಟಲ್ ವಸ್ತುವಿಗೆ ಕನಿಷ್ಠ ಏನೇನು ವಿವರ ಬೇಕು ಎಂಬ ಆ ಚರ್ಚೆಯಿಂದ ಬೆಳೆದದ್ದು ಡಬ್ಲಿನ್ ಕೋರ್ ಎಂಬ 15 ಅಂಶಗಳ ಪಟ್ಟಿ: ಶೀರ್ಷಿಕೆ, ಕರ್ತೃ, ವಿಷಯ, ದಿನಾಂಕ, ಗುರುತು, ಭಾಷೆ, ಮೂಲ, ಹಕ್ಕು ಇತ್ಯಾದಿ. ಇಂದಿನ ಬಹುಪಾಲು ನಿರ್ವಹಣಾ ವ್ಯವಸ್ಥೆಗಳ ಒಳಗೆ ಈ ಪಟ್ಟಿಯ ನೆರಳು ಕಾಣುತ್ತದೆ.

ಫೋಲ್ಡರಿನ ಇಕ್ಕಟ್ಟು

ಕ್ಲೌಡಿನಲ್ಲಿ ಫೋಲ್ಡರುಗಳಿವೆಯಲ್ಲ, ಅವೇ ಸಾಲದೆ ಎಂದು ಕೇಳಬಹುದು. ಸಾಲದು. ಅದಕ್ಕೆ ಕಾರಣ ತಾರ್ಕಿಕವಾದದ್ದು. 2019ರಲ್ಲಿ ತುರುವೇಕೆರೆ ತಾಲ್ಲೂಕಿನ ಒಂದು ತೋಟದಲ್ಲಿ, ತಿಪಟೂರು ಎತ್ತರದ ತಳಿಯ ಮರದ ಕಾಂಡದಿಂದ ಕೆಂಗಂದು ರಸ ಸೋರುತ್ತಿರುವ ಫೋಟೋ ತೆಗೆದಿರಿ ಎಂದುಕೊಳ್ಳಿ. ಇದನ್ನು 2019 ಎಂಬ ಫೋಲ್ಡರಿಗೆ ಹಾಕುವುದೋ, ತುರುವೇಕೆರೆ ಎಂಬುದಕ್ಕೋ, ಕಾಂಡದಲ್ಲಿ ರಸ ಸೋರುವ ರೋಗ ಎಂಬುದಕ್ಕೋ, ತಳಿಯ ಹೆಸರಿಗೋ? ಫೋಲ್ಡರಿನ ಮರದಲ್ಲಿ ಒಂದು ವಸ್ತುವಿಗೆ ಒಂದೇ ಕೊಂಬೆ. ಒಂದು ಕೊಂಬೆಗೆ ಇಟ್ಟ ತಕ್ಷಣ ಉಳಿದ ಮೂರು ದಾರಿಗಳಿಂದ ಹುಡುಕಿ ಬರುವವರಿಗೆ ಅದು ಮರೆಯಾಯಿತು. ನಾಲ್ಕೂ ಕಡೆ ನಕಲು ಇಟ್ಟರೆ ನಾಳೆ ಒಂದನ್ನು ತಿದ್ದಿದಾಗ ಉಳಿದ ಮೂರು ಹಳತಾಗುತ್ತವೆ.

ಈ ಇಕ್ಕಟ್ಟನ್ನು ಬಿಡಿಸಿದವರು ಕಂಪ್ಯೂಟರ್ ಎಂಜಿನಿಯರುಗಳಲ್ಲ. ಗಣಿತದ ಮೇಷ್ಟರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ ಅವರು ತರಬೇತಿಗೆಂದು ಲಂಡನ್ನಿಗೆ ಹೋಗಿದ್ದಾಗ, ಅಲ್ಲಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಎಂಬ ಜೋಡಣೆಯ ಆಟಿಕೆ ನೋಡಿದರು. ಅವೇ ಪಟ್ಟಿ, ತಿರುಪುಗಳನ್ನು ಬೇರೆ ಬೇರೆಯಾಗಿ ಜೋಡಿಸಿ ಬೇಕಾದ ವಸ್ತು ಮಾಡಬಹುದಾದರೆ, ಒಂದು ಪುಸ್ತಕದ ವಿಷಯವನ್ನೂ ಬಿಡಿಭಾಗಗಳಿಂದ ಜೋಡಿಸಬಹುದಲ್ಲವೇ ಎಂದು ಯೋಚಿಸಿದರು. ಅದರ ಫಲವಾಗಿ 1933ರಲ್ಲಿ ಕೋಲನ್ ವರ್ಗೀಕರಣ ಬಂತು. ಯಾವುದರ ಬಗ್ಗೆ, ಯಾವ ದ್ರವ್ಯ, ಯಾವ ಕ್ರಿಯೆ, ಎಲ್ಲಿ, ಎಂದು ಎಂಬ ಐದು ಮುಖಗಳನ್ನು ಬೇರೆಬೇರೆಯಾಗಿ ಗುರುತಿಸಿ ಸೇರಿಸುವ ಪದ್ಧತಿ ಅದು. ರಂಗನಾಥನ್ 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು, 1962ರಲ್ಲಿ ಅಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಆಶ್ರಯದಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು, 1972ರಲ್ಲಿ ತೀರಿಕೊಳ್ಳುವವರೆಗೂ ಈ ಯೋಚನೆಯನ್ನು ಬೆಳೆಸಿದರು.

ನಿರ್ವಹಣಾ ವ್ಯವಸ್ಥೆಯ ಪರದೆಯ ಎಡಬದಿಯಲ್ಲಿ ಊರು, ವರ್ಷ, ತಳಿ, ರೋಗ ಎಂದು ಆಯ್ಕೆಗಳ ಪಟ್ಟಿ ಇರುತ್ತದೆ. ಒಂದೊಂದನ್ನು ಗುರುತು ಮಾಡಿದಂತೆ ಫಲಿತಾಂಶ ಕಿರಿದಾಗುತ್ತಾ ಬರುತ್ತದೆ. ರಂಗನಾಥನ್ ಅವರ ಮುಖಗಳು ಅಲ್ಲಿ ಪರದೆಗೆ ಬಂದಿವೆ. ಒಳಗೆ ನಡೆಯುವುದು ಹೀಗೆ. ಪ್ರತಿ ಪದದ ಮುಂದೆ, ಆ ಪದ ಇರುವ ವಸ್ತುಗಳ ಸಂಖ್ಯೆಗಳನ್ನು ವ್ಯವಸ್ಥೆ ಮೊದಲೇ ಬರೆದಿಟ್ಟುಕೊಂಡಿರುತ್ತದೆ. ತುರುವೇಕೆರೆಯ ಸಾಲಿನಲ್ಲಿ 6,000 ಸಂಖ್ಯೆ, ರಸ ಸೋರುವ ರೋಗದ ಸಾಲಿನಲ್ಲಿ 300 ಸಂಖ್ಯೆ ಇದ್ದರೆ, ಎರಡೂ ಸಾಲಿನಲ್ಲಿರುವ ಸಂಖ್ಯೆಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಒಂದೂ ಚಿತ್ರವನ್ನು ತೆರೆಯದೆ, ಕ್ಷಣದೊಳಗೆ ಬೇಕಾದ ಕೆಲವೇ ಚಿತ್ರಗಳು ಮುಂದೆ ಬರುತ್ತವೆ.

ಕನ್ನಡದಲ್ಲಿ ಹುಡುಕುವಾಗ

ನಮ್ಮ ಸಂಸ್ಥೆಗಳಿಗೆ ಇಲ್ಲಿ ಇನ್ನೊಂದು ತೊಡಕಿದೆ. ಹಳೆಯ ನುಡಿ, ಬರಹ ತಂತ್ರಾಂಶಗಳ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಕಣ್ಣಿಗೆ ಕನ್ನಡವಾಗಿ ಕಂಡರೂ, ಒಳಗೆ ಉಳಿದಿರುವುದು ಲ್ಯಾಟಿನ್ ಅಕ್ಷರಗಳ ಸಂಕೇತಗಳು. ಆ ಫಾಂಟು ಅವುಗಳ ಮೇಲೆ ಕನ್ನಡದ ಆಕಾರ ಬಿಡಿಸುತ್ತದೆ, ಅಷ್ಟೆ. ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಕೊಡುವ ಯೂನಿಕೋಡಿನಲ್ಲಿ ಕೊಬ್ಬರಿ ಎಂದು ಹುಡುಕಿದರೆ ಆ ಕಡತ ಸಿಗುವುದಿಲ್ಲ. ಸಂಘದ 20 ವರ್ಷದ ವಾರ್ಷಿಕ ವರದಿಗಳು ಈ ರೂಪದಲ್ಲಿದ್ದರೆ, ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸುವವರೆಗೆ ಯಾವ ದುಬಾರಿ ವ್ಯವಸ್ಥೆಯೂ ಅವನ್ನು ಓದಲಾರದು.

ಯೂನಿಕೋಡಿನೊಳಗೂ ಎಚ್ಚರ ಬೇಕು. ತೋಟ ಎಂಬ ಪದದ ಓತ್ವವನ್ನು ಒಂದೇ ಸಂಕೇತವಾಗಿಯೂ ಉಳಿಸಬಹುದು, ಎತ್ವ, ಊತ್ವ, ದೀರ್ಘ ಎಂಬ ಮೂರು ಸಂಕೇತಗಳ ಜೋಡಣೆಯಾಗಿಯೂ ಉಳಿಸಬಹುದು. ತೆರೆಯ ಮೇಲೆ ಎರಡೂ ಒಂದೇ. ಸಂಕೇತಗಳನ್ನು ಹಾಗೆಯೇ ಹೋಲಿಸುವ ತಂತ್ರಾಂಶಕ್ಕೆ ಅವು ಬೇರೆ ಬೇರೆ ಪದಗಳು. ಒಳ್ಳೆಯ ವ್ಯವಸ್ಥೆ ಹುಡುಕುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳುತ್ತದೆ. ಕೊಳ್ಳುವ ಮುನ್ನ ಮಾರುವವರ ಮುಂದೆಯೇ ಕನ್ನಡದ ಹತ್ತು ಪದ ಹುಡುಕಿಸಿ ನೋಡಿದರೆ ಇದು ಅಲ್ಲೇ ಗೊತ್ತಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ನಮ್ಮ ನುಡಿಯ ಬಳಕೆ. ಒಬ್ಬರು ಚಿಕ್ಕನಾಯಕನಹಳ್ಳಿ ಎಂದು ಬರೆದರೆ ಇನ್ನೊಬ್ಬರು ಚಿ.ನಾ.ಹಳ್ಳಿ ಎನ್ನುತ್ತಾರೆ. ಒಬ್ಬರ ಉಂಡೆ ಕೊಬ್ಬರಿ ಮತ್ತೊಬ್ಬರ ಗಿಟುಕು. ಒಬ್ಬರು ನುಸಿ ರೋಗ ಎಂದದ್ದನ್ನು ಇನ್ನೊಬ್ಬರು ನುಸಿ ಪೀಡೆ ಎನ್ನುತ್ತಾರೆ. ಇವೆಲ್ಲವನ್ನೂ ಒಂದೇ ಮುಖ್ಯಪದದ ಅಡಿಯಲ್ಲಿ ಕಟ್ಟುವ ಪದಪಟ್ಟಿಯನ್ನು ನಿರ್ವಹಣಾ ವ್ಯವಸ್ಥೆಯಲ್ಲಿ ಇಡಬಹುದು. ಯಾವ ಹೆಸರಿನಿಂದ ಹುಡುಕಿದರೂ ಎಲ್ಲ ಚಿತ್ರಗಳೂ ಸಿಗುತ್ತವೆ. ಆ ಪಟ್ಟಿ ಯಾವ ಕಂಪನಿಯೂ ಮಾರುವ ಸರಕಲ್ಲ. ಅದನ್ನು ಈ ಮಣ್ಣಿನವರು, ತೋಟದಲ್ಲಿ ಓಡಾಡಿದವರು ಕೂತು ಮಾಡಬೇಕು. ಚಿತ್ರ ನೋಡಿ ತಾನಾಗಿಯೇ ಹೆಸರು ಸೂಚಿಸುವ ಕೃತಕ ಬುದ್ಧಿಮತ್ತೆ ಈಗ ಬಂದಿದೆ. ಸಾಮಾನ್ಯ ಚಿತ್ರಗಳಿಂದ ಕಲಿತ ಅಂಥ ತಂತ್ರಾಂಶ ಮರ, ಎಲೆ, ಮನುಷ್ಯ ಎಂದು ಗುರುತಿಸುತ್ತದೆ. ಕಪ್ಪುತಲೆ ಹುಳು ತಿಂದ ಗರಿ ಯಾವುದು, ನೀರಿಲ್ಲದೆ ಒಣಗಿದ ಗರಿ ಯಾವುದು ಎಂಬುದನ್ನು, ಬಲ್ಲವರು ಹೆಸರಿಟ್ಟ ನೂರಾರು ಚಿತ್ರಗಳಿಂದಲೇ ಅದು ಕಲಿಯಬೇಕು.

ಯಾವುದು ಅಸಲು, ಯಾವುದು ಈಚಿನದು

ತುರುವೇಕೆರೆಯಲ್ಲಿ ತೆಂಗಿನೆಣ್ಣೆ ಮಾರುವ ಒಂದು ರೈತ ಉತ್ಪಾದಕ ಕಂಪನಿಯನ್ನು ಕಲ್ಪಿಸಿಕೊಳ್ಳಿ. ಬಾಟಲಿಯ ಲೇಬಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು, ನಿವ್ವಳ ತೂಕ ಇರಬೇಕು. ವಿನ್ಯಾಸ ಮೂರು ಬಾರಿ ಬದಲಾಗಿದೆ. ಫೋಲ್ಡರಿನಲ್ಲಿ ಲೇಬಲ್ ಅಂತಿಮ, ಲೇಬಲ್ ಅಂತಿಮ 2, ಲೇಬಲ್ ಹೊಸ ಅಂತಿಮ ಎಂಬ ಮೂರು ಫೈಲುಗಳಿವೆ. ಮುದ್ರಣಾಲಯಕ್ಕೆ ತಪ್ಪಾದದ್ದು ಹೋದರೆ ಹತ್ತು ಸಾವಿರ ಲೇಬಲ್ ಕಸ. ಸಾವಯವ ಪ್ರಮಾಣಪತ್ರವೂ ಹೀಗೆಯೇ. ಅದಕ್ಕೆ ಅವಧಿ ಇದೆ. ಅವಧಿ ಮುಗಿದ ಪತ್ರವನ್ನು ಖರೀದಿದಾರರಿಗೆ ಕಳಿಸಿದರೆ ಕಟ್ಟಿಕೊಂಡ ನಂಬಿಕೆ ಹೋಗುತ್ತದೆ.

ನಿರ್ವಹಣಾ ವ್ಯವಸ್ಥೆಯಲ್ಲಿ ಲೇಬಲ್ ಒಂದೇ ವಸ್ತು, ಒಂದೇ ಸಂಖ್ಯೆ. ಅದರ ಒಳಗೆ ಮೂರು ಆವೃತ್ತಿಗಳು ಒಂದರ ಮೇಲೊಂದು ಕೂತಿರುತ್ತವೆ. ಯಾರು ಯಾವಾಗ ಬದಲಿಸಿದರು, ಯಾರು ಒಪ್ಪಿಗೆ ಕೊಟ್ಟರು ಎಂಬುದು ದಾಖಲಾಗುತ್ತದೆ. ಮುದ್ರಣಾಲಯಕ್ಕೆ ಹೋಗುವ ಕೊಂಡಿ ಯಾವಾಗಲೂ ಒಪ್ಪಿಗೆಯಾದ ಕೊನೆಯ ಆವೃತ್ತಿಯನ್ನೇ ತೋರಿಸುತ್ತದೆ. ಪ್ರಮಾಣಪತ್ರದ ಅವಧಿ ಮುಗಿಯುವ ಮುನ್ನ ಎಚ್ಚರಿಕೆ ಬರುತ್ತದೆ, ಮುಗಿದ ಮೇಲೆ ಅದು ಹಂಚಿಕೆಗೆ ಸಿಗುವುದಿಲ್ಲ. ಫೋಟೋದಲ್ಲಿರುವ ಬೆಳೆಗಾರರು ಪ್ರಚಾರಕ್ಕೆ ಒಪ್ಪಿದ್ದಾರೆಯೇ ಎಂಬುದೂ ಆ ಫೋಟೋದ ಮೆಟಾಡೇಟಾದಲ್ಲೇ ಇರುತ್ತದೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ದೇಶದಲ್ಲಿ ಸಂಸ್ಥೆಗಳು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಈ ಶಿಸ್ತಿಗೆ ಕರ್ನಾಟಕದ ಬೆಳೆಗಾರರು ಹೊಸಬರಲ್ಲ. 2000ದ ಹೊತ್ತಿಗೆ ಜಾರಿಗೆ ಬಂದ ಭೂಮಿ ಯೋಜನೆ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಅದು ದತ್ತಾಂಶದ ವ್ಯವಸ್ಥೆ, ಚಿತ್ರ ವಿಡಿಯೋಗಳದ್ದಲ್ಲ. ಆದರೂ ಅದರ ಯಶಸ್ಸಿನ ಗುಟ್ಟು ನಮಗೆ ಪಾಠ. ಗ್ರಾಮಲೆಕ್ಕಿಗರ ಕೈಬರಹದ ಪಹಣಿಯ ಮಾನ್ಯತೆ ನಿಂತು ಕಂಪ್ಯೂಟರಿನ ಪಹಣಿಯೊಂದೇ ಅಧಿಕೃತವಾಯಿತು. ಪ್ರತಿ ಜಮೀನಿಗೆ ಸರ್ವೆ ನಂಬರು ಮತ್ತು ಹಿಸ್ಸಾ ಎಂಬ ಗುರುತಿತ್ತು. ಬದಲಾವಣೆ ಬೇಕಾದರೆ ಮ್ಯುಟೇಶನ್ ಎಂಬ ನಿಗದಿತ ದಾರಿ, ಅದಕ್ಕೊಂದು ಸಂಖ್ಯೆ, ಬೆರಳಚ್ಚು ಕೊಟ್ಟು ಒಳಹೋಗುವ ಅಧಿಕಾರಿ. ಅಧಿಕೃತ ಪ್ರತಿ ಒಂದೇ, ಗುರುತು ಒಂದೇ, ಬದಲಾವಣೆಗೆ ಹೊಣೆ ಹೊತ್ತವರ ಹೆಸರು ದಾಖಲೆಯಲ್ಲಿ ಎಂಬ ಮೂರೂ ತತ್ವಗಳು ಅಲ್ಲಿವೆ.

ಎರಡು ಫೈಲುಗಳು ಒಂದೇ ಹೌದೋ ಅಲ್ಲವೋ ಎಂದು ಯಂತ್ರಕ್ಕೆ ಹೇಗೆ ತಿಳಿಯುತ್ತದೆ? ಇದಕ್ಕೆ ಹ್ಯಾಶ್ ಎಂಬ ಗಣಿತವಿದೆ. ಎಸ್‌ಎಚ್‌ಎ-256 ಎಂಬ ಸೂತ್ರಕ್ಕೆ ಯಾವ ಫೈಲ್ ಕೊಟ್ಟರೂ, ಒಂದು ಸಾಲಿನ ಚೀಟಿಯಿರಲಿ ಒಂದು ಗಂಟೆಯ ವಿಡಿಯೋ ಇರಲಿ, 256 ಬಿಟ್ಟುಗಳ ಒಂದು ಬೆರಳಚ್ಚು ಹೊರಬರುತ್ತದೆ. ಫೈಲಿನ ಒಂದೇ ಒಂದು ಚುಕ್ಕೆ ಬದಲಾದರೂ ಬೆರಳಚ್ಚಿನ ಸುಮಾರು ಅರ್ಧದಷ್ಟು ಬಿಟ್ಟುಗಳು ಬದಲಾಗುತ್ತವೆ. ಹೀಗಾಗಿ ನಕಲುಗಳು ತಕ್ಷಣ ಸಿಕ್ಕಿಬೀಳುತ್ತವೆ, ವರ್ಷಗಳ ನಂತರ ಫೈಲ್ ಕೆಟ್ಟಿಲ್ಲ ಎಂಬುದನ್ನೂ ಪರೀಕ್ಷಿಸಬಹುದು. ವಾಟ್ಸಾಪಿನಲ್ಲಿ ಕುಗ್ಗಿ ಬಂದ ಚಿತ್ರದ ಬೆರಳಚ್ಚು ಮಾತ್ರ ಮೂಲಕ್ಕೆ ಹೊಂದುವುದಿಲ್ಲ. ಅದಕ್ಕೆ ಬೇರೆ ಉಪಾಯವಿದೆ. ಚಿತ್ರವನ್ನು 8 ಅಡ್ಡಸಾಲು, 8 ಉದ್ದಸಾಲಿನ 64 ಬೂದು ಚೌಕಗಳಿಗೆ ಇಳಿಸಿ, ಯಾವ ಚೌಕ ಸರಾಸರಿಗಿಂತ ಬೆಳಕು, ಯಾವುದು ಕತ್ತಲು ಎಂದು ಬರೆದುಕೊಳ್ಳುತ್ತಾರೆ. ಕುಗ್ಗಿದ ಚಿತ್ರದಲ್ಲೂ ಈ ವಿನ್ಯಾಸ ಹೆಚ್ಚುಕಡಿಮೆ ಉಳಿದಿರುತ್ತದೆ. ಎರಡು ಚಿತ್ರಗಳ 64 ಗುರುತುಗಳಲ್ಲಿ ಕೆಲವಷ್ಟೇ ಬೇರೆಯಾಗಿದ್ದರೆ ಅವು ಬಹುಶಃ ಒಂದೇ ಚಿತ್ರ.

ಕಿದುವಿನ ತೋಟ ಕಲಿಸುವುದು

ನಿರ್ವಹಣೆಯ ಅರ್ಥವನ್ನು ತೆಂಗಿನ ಲೋಕದಲ್ಲೇ ನೋಡಬೇಕಾದರೆ ದಕ್ಷಿಣ ಕನ್ನಡದ ಕಿದುವಿಗೆ ಹೋಗಬೇಕು. ಅಲ್ಲಿ ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆ ಶುರುವಾದದ್ದು 1916ರಲ್ಲಿ. 1998ರಲ್ಲಿ ಕಿದುವಿನಲ್ಲಿ ದಕ್ಷಿಣ ಏಷ್ಯಾದ ಅಂತರರಾಷ್ಟ್ರೀಯ ತೆಂಗು ಜೀನ್ ಬ್ಯಾಂಕ್ ಸ್ಥಾಪನೆಯಾಯಿತು. ಇಂಡೋನೇಷ್ಯಾ, ಪಪುವಾ ನ್ಯೂಗಿನಿ, ಐವರಿ ಕೋಸ್ಟ್, ಬ್ರೆಜಿಲ್ ದೇಶಗಳಲ್ಲೂ ಇಂಥವು ಇವೆ. ರಾಗಿ, ಭತ್ತದ ಬೀಜವನ್ನು ಒಣಗಿಸಿ ಶೀತಲ ಕೋಣೆಯಲ್ಲಿ ದಶಕಗಟ್ಟಲೆ ಇಡಬಹುದು. ತೆಂಗಿನಕಾಯಿ ಒಣಗಿದರೆ ಮೊಳೆಯುವುದಿಲ್ಲ. ಹಾಗಾಗಿ ತಳಿಯನ್ನು ಉಳಿಸಬೇಕಾದರೆ ಮರವಾಗಿಯೇ ಬೆಳೆಸಬೇಕು.

ಹೊರಗಿನಿಂದ ನೋಡಿದರೆ ಅದೂ ಒಂದು ತೆಂಗಿನ ತೋಟ. ಅದನ್ನು ಜೀನ್ ಬ್ಯಾಂಕ್ ಆಗಿಸಿದ್ದು ದಾಖಲೆ. ಪ್ರತಿ ಸಂಗ್ರಹಕ್ಕೂ ಒಂದು ಸಂಖ್ಯೆ, ಎಲ್ಲಿಂದ ಎಂದು ತಂದದ್ದು ಎಂಬ ವಿವರ, ಕಾಯಿಯ ಆಕಾರ, ತಿರುಳಿನ ತೂಕ, ಹೊಂಬಾಳೆ ಬಿಡುವ ಕಾಲದಂಥ ಗುಣಗಳನ್ನು ಎಲ್ಲ ದೇಶದವರೂ ಒಪ್ಪಿದ ಪಟ್ಟಿಯಂತೆ ಅಳೆದ ಲೆಕ್ಕ. ಬರ ತಡೆದುಕೊಳ್ಳುವ, ಉಂಡೆ ಕೊಬ್ಬರಿಗೆ ಒಪ್ಪುವ ಕಲ್ಪತರು ಎಂಬ ತಳಿಯನ್ನು ವಿಜ್ಞಾನಿಗಳು ತಿಪಟೂರು ಎತ್ತರದ ತಳಿಯಿಂದ ಆಯ್ದು ಕೊಟ್ಟದ್ದು ಇಂಥ ದಾಖಲೆಯ ಬಲದಿಂದ. ದಾಖಲೆ ಕಳೆದರೆ ಮರಗಳು ಇದ್ದಲ್ಲೇ ಇರುತ್ತವೆ, ಕಾಯಿ ಬಿಡುತ್ತಲೇ ಇರುತ್ತವೆ, ಆದರೆ ಸಂಶೋಧನೆಗೆ ಅವು ಬರಿಯ ಮರಗಳು. ಸಂಸ್ಥೆಯ ಚಿತ್ರ ಕಡತಗಳ ವಿಷಯದಲ್ಲೂ ಇದೇ ಸತ್ಯ.

ಯಾರಿಗೆ ಯಾವುದು

ಹಾಗಾದರೆ ಪ್ರತಿ ಸಂಘವೂ ನಿರ್ವಹಣಾ ವ್ಯವಸ್ಥೆ ಕೊಳ್ಳಬೇಕೇ? ಬೇಡ. ಇಬ್ಬರು ಮೂವರು ಕೆಲಸ ಮಾಡುವ, ಎರಡು ಮೂರು ಸಾವಿರ ಫೈಲುಗಳಿರುವ ಹಾಲಿನ ಡೇರಿಗೋ ಪ್ರಾಥಮಿಕ ಸಂಘಕ್ಕೋ ಕ್ಲೌಡ್ ಸಂಗ್ರಹ ಮತ್ತು ಒಂದು ಅಚ್ಚುಕಟ್ಟಾದ ರಿಜಿಸ್ಟರ್ ಧಾರಾಳವಾಗಿ ಸಾಕು. ರಿಜಿಸ್ಟರ್ ಎಂದರೆ ಹಂಚಿಕೊಂಡ ಒಂದು ಲೆಕ್ಕದ ಹಾಳೆ. ಪ್ರತಿ ಫೈಲಿಗೆ ಒಂದು ಸಾಲು: ಗುರುತಿನ ಸಂಖ್ಯೆ, ವಿಷಯ, ಊರು, ದಿನಾಂಕ, ತೆಗೆದವರು, ತಳಿ, ಕೀಟ ಅಥವಾ ರೋಗ, ಬಳಕೆಗೆ ಒಪ್ಪಿಗೆ, ಅವಧಿ, ಕರಡೋ ಅಂತಿಮವೋ. ಫೈಲಿನ ಹೆಸರಿನಲ್ಲೂ ಅದೇ ಸಂಖ್ಯೆ. ತೋಟದಿಂದ ಚಿತ್ರ ಕಳಿಸುವವರಿಗೆ ಒಂದೇ ಕೋರಿಕೆ: ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಆಗ ದಿನ, ಜಾಗದ ವಿವರ ಫೈಲಿನೊಳಗೇ ಉಳಿಯುತ್ತದೆ.

ಹಲವು ಶಾಖೆ, ಹತ್ತಾರು ಬಳಕೆದಾರರು, ಹೊರಗಿನವರೊಡನೆ ನಿತ್ಯ ಹಂಚಿಕೆ, ಅವಧಿ ಮುಗಿಯುವ ಪತ್ರಗಳು, ಸಂಶೋಧನೆಗೆ ಬೇಕಾಗುವ ಚಿತ್ರಗಳು, ಇವೆಲ್ಲ ಕೂಡಿಬಂದಾಗ ರಿಜಿಸ್ಟರ್ ಸೋಲುತ್ತದೆ. ಆಗ ವ್ಯವಸ್ಥೆ ಬೇಕು. ದೊಡ್ಡ ಕಂಪನಿಗಳ ದುಬಾರಿ ತಂತ್ರಾಂಶವೇ ಆಗಬೇಕೆಂದಿಲ್ಲ. 2006ರಲ್ಲಿ ಆಕ್ಸ್‌ಫ್ಯಾಮ್ ಎಂಬ ಸೇವಾಸಂಸ್ಥೆಗಾಗಿ ಹುಟ್ಟಿದ ರಿಸೋರ್ಸ್‌ಸ್ಪೇಸ್ ಮುಕ್ತ ತಂತ್ರಾಂಶ. ಎಂಐಟಿ ಮತ್ತು ಎಚ್‌ಪಿ ಸೇರಿ 2002ರಲ್ಲಿ ಹೊರತಂದ ಡಿಸ್ಪೇಸ್ ಕೂಡ ಹಾಗೆಯೇ. ಪ್ರಬಂಧ, ವರದಿಗಳನ್ನು ಇಡಲು ಭಾರತದ ಅನೇಕ ವಿಶ್ವವಿದ್ಯಾಲಯಗಳು ಅದನ್ನು ಬಳಸುತ್ತಿವೆ. ತಂತ್ರಾಂಶ ಉಚಿತವಾದರೂ ಸರ್ವರ್ ಮತ್ತು ಅದನ್ನು ನೋಡಿಕೊಳ್ಳುವವರ ಸಂಬಳ ಉಚಿತವಲ್ಲ. ಒಂದೊಂದು ಸಂಘ ಬೇರೆಬೇರೆಯಾಗಿ ಈ ಭಾರ ಹೊರುವ ಬದಲು, ಮೂರು ತಾಲ್ಲೂಕುಗಳ ಸಂಘಗಳು ಒಂದು ಒಕ್ಕೂಟವಾಗಿ ಒಂದೇ ವ್ಯವಸ್ಥೆ ಇಟ್ಟುಕೊಳ್ಳುವುದು ಜಾಣತನ. ಕೀಟಗಳು ತಾಲ್ಲೂಕಿನ ಗಡಿ ನೋಡುವುದಿಲ್ಲ, ಅವುಗಳ ದಾಖಲೆಯೂ ನೋಡಬೇಕಾಗಿಲ್ಲ.

ಯಾವ ದಾರಿ ಹಿಡಿದರೂ ಎರಡು ಎಚ್ಚರ ತಪ್ಪಬಾರದು. ಒಂದು, ಖಾತೆ ಸಂಸ್ಥೆಯ ಹೆಸರಿನಲ್ಲಿರಬೇಕು. ಸಿಬ್ಬಂದಿಯೊಬ್ಬರ ಸ್ವಂತ ಜಿಮೇಲ್ ಖಾತೆಯಲ್ಲಿ ಸಂಘದ ಕಡತಗಳಿದ್ದು ಅವರು ಕೆಲಸ ಬಿಟ್ಟರೆ ಕಡತಗಳೂ ಹೋದಂತೆಯೇ. 2 ವರ್ಷ ಬಳಸದ ಖಾಸಗಿ ಖಾತೆಗಳನ್ನು ಅಳಿಸಬಹುದು ಎಂಬ ಗೂಗಲ್ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಎರಡು, ಸಿಂಕ್ ಎಂಬುದು ಬ್ಯಾಕಪ್ ಅಲ್ಲ. ಒಂದು ಕಂಪ್ಯೂಟರಿನಲ್ಲಿ ಅಳಿಸಿದ್ದು ಕ್ಲೌಡಿನಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿ ಅದನ್ನು 30 ದಿನ ಮಾತ್ರ ಕಾಯುತ್ತದೆ. ಡಿಜಿಟಲ್ ಚಿತ್ರಗಳ ನಿರ್ವಹಣೆಯ ಬಗ್ಗೆ ಬರೆದ ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕ ಒಂದು ನಿಯಮವನ್ನು ಜನಪ್ರಿಯಗೊಳಿಸಿದರು: 3 ಪ್ರತಿ, 2 ಬಗೆಯ ಮಾಧ್ಯಮ, ಅದರಲ್ಲಿ 1 ಬೇರೆ ಜಾಗದಲ್ಲಿ. ಕ್ಲೌಡಿನ ಜೊತೆಗೆ ಕಚೇರಿಯ ಬೀರುವಿನಲ್ಲಿ ಒಂದು ಹಾರ್ಡ್ ಡಿಸ್ಕ್ ಇದ್ದರೆ ಈ ನಿಯಮ ಬಹುಪಾಲು ಪಾಲನೆಯಾಗುತ್ತದೆ.

ಜಾಗವನ್ನು ಯಾವಾಗ ಬೇಕಾದರೂ ಕೊಳ್ಳಬಹುದು. ತಂತ್ರಾಂಶವನ್ನೂ ಕೊಳ್ಳಬಹುದು. ಒಂದು ಚಿತ್ರದಲ್ಲಿರುವ ಮರ ಯಾರ ತೋಟದ್ದು, ಯಾವ ತಳಿ, ಆ ವರ್ಷ ಮಳೆ ಹೇಗಿತ್ತು, ರೋಗಕ್ಕೆ ಏನು ಮಾಡಿದರು, ಫಲಿಸಿತೇ ಎಂಬುದನ್ನು ಮಾತ್ರ ಕೊಳ್ಳಲಾಗುವುದಿಲ್ಲ. ಅದು ಕೆಲವರ ನೆನಪಿನಲ್ಲಿದೆ. ಹಿರಿಯ ಬೆಳೆಗಾರರಿಗೆ ವಯಸ್ಸಾಗುತ್ತಿದೆ, ಬಲ್ಲ ಅಧಿಕಾರಿಗಳು ನಿವೃತ್ತರಾಗುತ್ತಿದ್ದಾರೆ, ಸಂಘದ ಕಾರ್ಯದರ್ಶಿಗಳು ಬದಲಾಗುತ್ತಿದ್ದಾರೆ. ಯಾವ ವ್ಯವಸ್ಥೆ ಎಂಬ ತೀರ್ಮಾನವನ್ನು ಆಡಳಿತ ಮಂಡಳಿ ಮುಂದಿನ ವರ್ಷ ಮಾಡಲಿ, ತಪ್ಪಿಲ್ಲ. ಬಲ್ಲವರನ್ನು ಕೂರಿಸಿಕೊಂಡು ಒಂದೊಂದು ಚಿತ್ರಕ್ಕೂ ಒಂದೊಂದು ಸಾಲು ಬರೆದುಕೊಳ್ಳುವ ಕೆಲಸ ಈ ವರ್ಷವೇ ಆರಂಭವಾಗಬೇಕು.